ಲೇಹ್‌ನಿಂದ ಅಗತ್ತಿಗೆ ವಿಮಾನ ದೂರ ಎಷ್ಟು, ಸಮಯ ಎಷ್ಟು? ನಾಲ್ಕು ಕಡೆ ನಾಲ್ಕು ಲೆಕ್ಕ

ನಕ್ಷೆಪೆಟ್ಟಿಗೆ (ಪ್ರಶ್ನೆ)

ದೇಶದ ಮೂಲೆಮೂಲೆಯ ವಿಮಾನ ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ ಎರಡನ್ನೂ ಹಾಕಿ ಕನ್ನಡದಲ್ಲಿ ಒಂದು ಪಟ್ಟಿ ಮಾಡುತ್ತಿದ್ದೇನೆ. ಲಡಾಖಿನ ಲೇಹ್, ಲಕ್ಷದ್ವೀಪದ ಅಗತ್ತಿ, ಈ ಜೋಡಿಗೆ ಬಂದಾಗ ಲೆಕ್ಕ ಕೈಕೊಟ್ಟಿದೆ.

ಒಂದು ಜಾಲತಾಣ 2,649 ಕಿ.ಮೀ., 3 ಗಂಟೆ 49 ನಿಮಿಷ ಅನ್ನುತ್ತದೆ. ಇನ್ನೊಂದರಲ್ಲಿ 2,639 ಕಿ.ಮೀ., 2 ಗಂಟೆ 56 ನಿಮಿಷ. ಮೂರನೆಯದು 1,430 ಮೈಲಿ ಎಂದು ಹಾಕಿದೆ. ಅದನ್ನು 1.609ರಿಂದ ಗುಣಿಸಿದರೆ ಬರುವುದು 2,301 ಕಿ.ಮೀ. ಮಾತ್ರ! ಕೊನೆಗೆ ನಾನೇ ಅಕ್ಷಾಂಶ ರೇಖಾಂಶ ಹಾಕಿ ಎಕ್ಸೆಲ್‌ನಲ್ಲಿ ಹ್ಯಾವರ್ಸೈನ್ ಸೂತ್ರ (ಗೋಳದ ಮೇಲಿನ ಎರಡು ಬಿಂದುಗಳ ಅಂತರ ಕೊಡುವ ಸೂತ್ರ) ಓಡಿಸಿದೆ: 2,676 ಕಿ.ಮೀ. ಬಂತು.

ನಾನು ತೆಗೆದುಕೊಂಡ ಸ್ಥಾನಗಳು: ಲೇಹ್ 34°08′09″ ಉತ್ತರ, 77°32′47″ ಪೂರ್ವ. ಅಗತ್ತಿ 10°49′25″ ಉತ್ತರ, 72°10′34″ ಪೂರ್ವ. ಯಾವುದು ಸರಿ? ಸಮಯದ ಕಾಲಂನಲ್ಲಿ ಏನು ಬರೆಯಲಿ?

---

ಅಕ್ಷಾಂಶ_ರೇಖಾಂಶ

ಮೊದಲು ನಿಮ್ಮ 2,676ರ ಕಥೆ ಮುಗಿಸೋಣ. ನೀವು 34°08′09″ ಅನ್ನು 34.0809 ಎಂದು ಟೈಪ್ ಮಾಡಿದ್ದೀರಿ, ಬೇಕಾದರೆ ಹಾಳೆ ತೆರೆದು ನೋಡಿ. ಅಗತ್ತಿಯದು 10.4925 ಎಂದು ಇರುತ್ತದೆ. ನಾಲ್ಕನ್ನೂ ಹೀಗೆ ತಪ್ಪಾಗಿ ಹಾಕಿದರೆ ಸರಿಯಾಗಿ 2,676 ಬರುತ್ತದೆ.

ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ 60 ಸೆಕೆಂಡು. ಹಾಗಾಗಿ ಅಗತ್ತಿಯ ಅಕ್ಷಾಂಶ 10 + 49/60 + 25/3600 = 10.8236. ನೀವು ಹಾಕಿದ 10.4925ರಲ್ಲಿ ಇಡೀ ದ್ವೀಪ ಸುಮಾರು 37 ಕಿ.ಮೀ. ದಕ್ಷಿಣಕ್ಕೆ ಜಾರಿ ಸಮುದ್ರದ ನಡುವೆ ಹೋಗಿದೆ. ಲೇಹ್ ದಕ್ಷಿಣಕ್ಕೆ 6 ಕಿ.ಮೀ. ಜಾರಿದೆ. ಮಿನಿಟು 08 ಇದ್ದಾಗ ತಪ್ಪು ಚಿಕ್ಕದು, 49 ಇದ್ದಾಗ ದೊಡ್ಡದು. ಅದಕ್ಕೇ ಈ ತಪ್ಪು ಕೆಲವು ಊರುಗಳಲ್ಲಿ ಕಣ್ಣಿಗೇ ಬೀಳುವುದಿಲ್ಲ. ಪಟ್ಟಿಯಲ್ಲಿ ಬೇರೆ ಜೋಡಿಗಳೂ ಇದ್ದರೆ ಎಲ್ಲವನ್ನೂ ಇನ್ನೊಮ್ಮೆ ನೋಡಿ.

ಸರಿಯಾದ ಅಂಕಿಗಳು: ಲೇಹ್ 34.1358, 77.5464. ಅಗತ್ತಿ 10.8236, 72.1761.

ಈಗ ಸೂತ್ರ. ಅಕ್ಷಾಂಶದ ವ್ಯತ್ಯಾಸ 23.3122 ಡಿಗ್ರಿ, ಅದರ ಅರ್ಧದ ಸೈನ್ ತೆಗೆದು ವರ್ಗ ಮಾಡಿ: 0.04082. ರೇಖಾಂಶದ ವ್ಯತ್ಯಾಸದ ಅರ್ಧದ ಸೈನ್ ವರ್ಗವನ್ನು ಎರಡೂ ಅಕ್ಷಾಂಶಗಳ ಕೊಸೈನ್‌ಗಳಿಂದ ಗುಣಿಸಿ: 0.00178. ಕೂಡಿಸಿದರೆ 0.0426. ಅದರ ವರ್ಗಮೂಲ 0.2064, ಅದರ ವಿಲೋಮ ಸೈನ್ 0.2079, ಎರಡರಿಂದ ಗುಣಿಸಿದರೆ 0.4158 ರೇಡಿಯನ್. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ಯಿಂದ ಗುಣಿಸಿ: 2,649 ಕಿ.ಮೀ. (ಇಲ್ಲಿ ಬರೆಯಲು ಅಂಕಿಗಳನ್ನು ಮೊಟಕು ಮಾಡಿದ್ದೇನೆ. ಹಾಳೆಯಲ್ಲಿ ಕೊನೆಯವರೆಗೂ ಪೂರ್ತಿ ದಶಾಂಶ ಇಟ್ಟುಕೊಳ್ಳಿ.) ಎಕ್ಸೆಲ್‌ನ ಸೈನ್, ಕೊಸೈನ್ ಕೇಳುವುದು ರೇಡಿಯನ್, ಡಿಗ್ರಿಯನ್ನು ಹಾಗೇ ಕೊಟ್ಟರೆ ಉತ್ತರ ಚಂದ್ರಲೋಕಕ್ಕೆ ಹೋಗುತ್ತದೆ. ಅದನ್ನು ನೀವು ಸರಿಯಾಗಿಯೇ ಮಾಡಿದ್ದೀರಿ.

ಹಾಗಾದರೆ 2,639 ತಪ್ಪೇ? ಅಲ್ಲ, ಎರಡೂ ಸರಿ. 2,649 ಭೂಮಿಯನ್ನು ಚೆಂಡಿನಂತೆ ದುಂಡಗೆ ಭಾವಿಸಿದ ಲೆಕ್ಕ. 2,639 ಧ್ರುವಗಳಲ್ಲಿ ಚಪ್ಪಟೆಯಾದ ನಿಜವಾದ ಆಕಾರದ ಲೆಕ್ಕ, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84 ಮಾದರಿಯದು. ಸಮಭಾಜಕಕ್ಕೆ ಹತ್ತಿರ ಇರುವ ಕಡೆ ಉತ್ತರ-ದಕ್ಷಿಣವಾಗಿ ಸಾಗಿದರೆ ಒಂದು ಡಿಗ್ರಿಯ ಉದ್ದ ಸರಾಸರಿಗಿಂತ ತುಸು ಕಮ್ಮಿ. ನಿಮ್ಮ ಜೋಡಿ ಹೆಚ್ಚುಕಮ್ಮಿ ನೇರ ದಕ್ಷಿಣಕ್ಕೇ ಇರುವುದರಿಂದ ಹತ್ತು ಕಿ.ಮೀ. ಕಳೆಯುತ್ತದೆ. ಪೂರ್ವ-ಪಶ್ಚಿಮ ಜೋಡಿಯಾಗಿದ್ದರೆ ಇದು ಉಲ್ಟಾ, ತುಸು ಹೆಚ್ಚಾಗುತ್ತಿತ್ತು. ಪಟ್ಟಿಯಲ್ಲಿ ಯಾವುದಾದರೂ ಒಂದನ್ನು ಹಿಡಿದು ಎಲ್ಲಾ ಸಾಲಿಗೂ ಅದನ್ನೇ ಬಳಸಿ, ಬೆರೆಸಬೇಡಿ.

ಇನ್ನು 1,430. ಅದು ನಾಟಿಕಲ್ ಮೈಲಿ, 1.852ರಿಂದ ಗುಣಿಸಬೇಕು. 1,430 × 1.852 = 2,648. ರಸ್ತೆಯ ಮೈಲಿಯಲ್ಲಿ ಹೇಳುವುದಾದರೆ 1,646. ವಿಮಾನಯಾನದಲ್ಲಿ "ಮೈಲಿ" ಅಂದರೆ ಹೆಚ್ಚಾಗಿ ನಾಟಿಕಲ್ ಮೈಲಿ, ಆದರೆ ಯಾವಾಗಲೂ ಅಲ್ಲ, ಯಾವ ಮೈಲಿ ಎಂದು ನೋಡಿಕೊಳ್ಳಿ.

---

ರೆಕ್ಕೆಲೆಕ್ಕ

ದೂರದ ಬಗ್ಗೆ ಮೇಲಿನವರು ಹೇಳಿದ್ದು ಪೂರ್ತಿ ಒಪ್ಪಿಗೆ. ಸಮಯದ ವಿಷಯಕ್ಕೆ ಬರುತ್ತೇನೆ. ಆ ಎರಡೂ ಅಂಕಿ ಬರೀ ಭಾಗಾಕಾರ. 2,649ನ್ನು ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿದರೆ 3 ಗಂಟೆ 19 ನಿಮಿಷ, ಅದಕ್ಕೆ ಹತ್ತುವ ಇಳಿಯುವ ಬಾಬ್ತು ಅರ್ಧ ಗಂಟೆ ಸೇರಿಸಿದರೆ 3:49. ಇನ್ನೊಬ್ಬರು 2,639ನ್ನು 900ರಿಂದ ಭಾಗಿಸಿ ಸುಮ್ಮನಾಗಿದ್ದಾರೆ, 2:56. ಮೊದಲನೆಯ ಪದ್ಧತಿ ದೊಡ್ಡ ಜೆಟ್‌ಗಳಿಗೆ ಕೆಟ್ಟದ್ದೇನಲ್ಲ. ಎರಡನೆಯದು ಸುಳ್ಳೇ, ಯಾಕೆಂದರೆ ವಿಮಾನ ನಿಂತಲ್ಲಿಂದಲೇ 900ರಲ್ಲಿ ಹೊರಡುವುದಿಲ್ಲವಲ್ಲ.

ಆದರೆ ಈ ಜೋಡಿಗೆ ಎರಡೂ ಕಾಲ್ಪನಿಕ. ಲೇಹ್‌ಗೆ ಬರುವ ವಿಮಾನ ಅಗತ್ತಿಯಲ್ಲಿ ಇಳಿಯಲಾರದು, ಅಗತ್ತಿಗೆ ಹೋಗುವ ವಿಮಾನ ಲೇಹ್‌ಗೆ ಬರಲಾರದು. ಅಂದಮೇಲೆ ಯಾವ ವಿಮಾನದ ವೇಗದಿಂದ ಭಾಗಿಸುವುದು?

ಲೇಹ್ ನಿಲ್ದಾಣ ಇರುವುದು 3,256 ಮೀಟರ್ ಎತ್ತರದಲ್ಲಿ, ಅಂದರೆ 10,682 ಅಡಿ. ಬೇಸಿಗೆಯಲ್ಲಿ 20 ಡಿಗ್ರಿ ಬಿಸಿಲಿದ್ದಾಗ ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಗಾಳಿಯ ಸುಮಾರು 66%. ಇದರಿಂದ ಮೂರು ತೊಂದರೆ ಒಟ್ಟಿಗೇ ಬರುತ್ತವೆ. ಎಂಜಿನ್ ತಳ್ಳುವ ಬಲ ಇಳಿಯುತ್ತದೆ. ರೆಕ್ಕೆಗೆ ಅದೇ ಎತ್ತುವ ಬಲ ಬೇಕಾದರೆ ವಿಮಾನ ಸುಮಾರು 23% ಹೆಚ್ಚು ವೇಗದಲ್ಲಿ ಓಡಬೇಕು, ವೇಗಮಾಪಕದಲ್ಲಿ ಕಾಣುವ ವೇಗ ಮಾತ್ರ ಸಮುದ್ರಮಟ್ಟದಲ್ಲಿ ಇದ್ದಷ್ಟೇ ಇರುತ್ತದೆ. ವೇಗ ಹೆಚ್ಚಾದದ್ದಕ್ಕೆ ಬ್ರೇಕು, ಟೈರು ಎರಡಕ್ಕೂ ಹೊರೆ ಏರುತ್ತದೆ. ಜೊತೆಗೆ ಕಣಿವೆಯ ಪೂರ್ವಕ್ಕೆ ಬೆಟ್ಟ. ಹಾಗಾಗಿ ಸಾಮಾನ್ಯವಾಗಿ ಪಶ್ಚಿಮದಿಂದ ಬಂದು ರನ್‌ವೇ 07ರಲ್ಲಿ (ಪೂರ್ವಕ್ಕೆ ಮುಖಮಾಡಿ) ಇಳಿಯುತ್ತಾರೆ, ಅದೇ ಪಟ್ಟಿಯಲ್ಲಿ ತಿರುಗಿ 25ರ ಕಡೆಗೆ (ಪಶ್ಚಿಮಕ್ಕೆ) ಹೊರಡುತ್ತಾರೆ. ಗಾಳಿ ಸ್ವಲ್ಪ ಬೆನ್ನ ಕಡೆಯಿಂದ ಬೀಸಿದರೂ ಹೀಗೇ. ಬಿಸಿಲು ಏರಿದಂತೆ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ, ಅದಕ್ಕೇ ಪ್ರಯಾಣಿಕ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತಿನವು. ಏರ್‌ಬಸ್ 320, ಬೋಯಿಂಗ್ 737 ಕುಟುಂಬದ ಜೆಟ್‌ಗಳು ಇಲ್ಲಿ ಓಡುತ್ತವೆ, ಬೇಸಿಗೆಯಲ್ಲಿ ತೂಕ ಕಡಿಮೆ ಮಾಡಿಕೊಂಡು.

ಅಗತ್ತಿಯಲ್ಲಿ ಎತ್ತರದ ಸಮಸ್ಯೆ ಇಲ್ಲ, ಸಮುದ್ರಮಟ್ಟದಿಂದ ನಾಲ್ಕು ಮೀಟರ್ ಅಷ್ಟೇ. ಅಲ್ಲಿನ ತಲೆನೋವು ಉದ್ದ: ರನ್‌ವೇ 1,204 ಮೀಟರ್. ಹೊರಡುವ ಮೊದಲು ಹಾಕುವ ಲೆಕ್ಕದಲ್ಲಿ ಜೆಟ್ ವಿಮಾನ ರನ್‌ವೇಯ 60% ಒಳಗೆ ನಿಲ್ಲುವಂತಿರಬೇಕು, ಎಟಿಆರ್‌ನಂಥ ಟರ್ಬೊಪ್ರಾಪ್ (ಎಂಜಿನ್ ಪಂಖ ತಿರುಗಿಸಿ ಹಾರಿಸುವ ಸಣ್ಣ ವಿಮಾನ) 70% ಒಳಗೆ. ಪೂರ್ತಿ 1,204 ಸಿಕ್ಕಿತು ಅಂದುಕೊಂಡರೂ ಜೆಟ್‌ಗೆ ಸಿಗುವುದು 722 ಮೀಟರ್, ಟರ್ಬೊಪ್ರಾಪ್‌ಗೆ 843. ಮಳೆ ಬಿದ್ದು ನೆಲ ಒದ್ದೆಯಾಗಿದ್ದರೆ ಇನ್ನೂ 15% ಮೀಸಲು ಬಿಡಬೇಕು, ಆಗ 843 ಇದ್ದದ್ದು 733 ಆಗುತ್ತದೆ. 722 ಮೀಟರಿನಲ್ಲಿ ಏರ್‌ಬಸ್ 320 ಪ್ರಯಾಣಿಕರನ್ನು ಹೊತ್ತು ನಿಲ್ಲುವ ಮಾತೇ ಇಲ್ಲ. ಎಟಿಆರ್ 72 ಕೂಡ ಪೂರ್ತಿ ತೂಕದಲ್ಲಿ ಮೇಲೇರಲು ಸುಮಾರು 1,300 ಮೀಟರ್ ಕೇಳುತ್ತದೆ, ಹಾಗಾಗಿ ಅದೂ ಇಲ್ಲಿ ಭಾರ ಇಳಿಸಿಕೊಂಡೇ ಹಾರಬೇಕು.

ಅದೇ ಎಟಿಆರ್ ಅನ್ನು ಲೇಹ್‌ಗೆ ಯಾಕೆ ತರಬಾರದು? ಅದರ ಗರಿಷ್ಠ ಎತ್ತರ 25,000 ಅಡಿ, ಅದೂ ಎರಡೂ ಎಂಜಿನ್ ಇದ್ದಾಗ. ದಾರಿಯಲ್ಲಿ ಒಂದು ನಿಂತರೆ ತೀರಾ ಕೆಳಗೆ ಇಳಿದು ಬರಬೇಕಾಗುತ್ತದೆ, ಲೇಹ್ ಪಕ್ಕದ ಸ್ತೋಕ್ ಕಾಂಗ್ರಿ ಶಿಖರವೊಂದೇ 6,153 ಮೀಟರ್, 20,000 ಅಡಿಗೂ ಮೇಲೆ. ದೂರವೂ ಕೈಗೆಟುಕದು: ತುಂಬಿದ ಸೀಟುಗಳೊಂದಿಗೆ ಎಟಿಆರ್ ಹೋಗುವುದು 1,400-1,500 ಕಿ.ಮೀ. ಆಸುಪಾಸು.

ನನ್ನ ಅಭಿಪ್ರಾಯ: ದೂರದ ಕಾಲಂನಲ್ಲಿ 2,649 ಹಾಕಿ. ಸಮಯದ ಕಾಲಂನಲ್ಲಿ "ನೇರ ವಿಮಾನ ಇಲ್ಲ" ಎಂದು ಬರೆಯಿರಿ. 3:49 ಹಾಕಿದರೆ ಯಾರೋ ನಂಬಿ ಟಿಕೆಟ್ ಹುಡುಕುತ್ತಾ ಕೂರುತ್ತಾರೆ.

---

ನಕ್ಷೆಪೆಟ್ಟಿಗೆ

ಅಕ್ಷಾಂಶ ಅವರೇ, ಹಾಳೆ ನೋಡಿದೆ. 34.0809 ಎಂದೇ ಇತ್ತು! ಇನ್ನೂ ಹನ್ನೊಂದು ಸಾಲುಗಳಲ್ಲಿ ಅದೇ ತಪ್ಪು, ತಿದ್ದುತ್ತಿದ್ದೇನೆ.

ರೆಕ್ಕೆಲೆಕ್ಕ ಸರ್, ಕಾಲಂ ಖಾಲಿ ಬಿಡುವುದು ಮನಸ್ಸಿಗೆ ಒಗ್ಗುತ್ತಿಲ್ಲ. ನಿಜವಾಗಿ ಹೋಗುವವನಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲೆಲ್ಲಿ ಬದಲಿಸಬೇಕು ಎಂದಾದರೂ ಹಾಕಬಹುದೇ?

---

ಬ್ಲಾಕ್‌ಟೈಮ್

ಹಾಕಬಹುದು. ಜೆಟ್‌ಗೆ ದೂರ ÷ 800 ಮತ್ತು ಮೇಲೆ 30 ನಿಮಿಷ, ಎಟಿಆರ್‌ಗೆ ದೂರ ÷ 500 ಮತ್ತು ಮೇಲೆ 25 ನಿಮಿಷ. ಇದು ಅಂದಾಜು, ಆದರೆ ಟಿಕೆಟ್ ಮೇಲಿನ ಸಮಯಕ್ಕೆ ಹತ್ತು ನಿಮಿಷ ಆಚೀಚೆ ಬರುತ್ತದೆ. ಟಿಕೆಟ್‌ನಲ್ಲಿ ಅಚ್ಚಾಗುವುದು ಗಾಳಿಯಲ್ಲಿ ಇರುವ ಸಮಯ ಅಲ್ಲ, ನಿಂತ ಜಾಗದಿಂದ ಹಿಂದಕ್ಕೆ ತಳ್ಳಿದ ಕ್ಷಣದಿಂದ ಇನ್ನೊಂದು ಕಡೆ ನಿಲ್ಲಿಸುವ ತನಕ. ದೆಹಲಿಯಲ್ಲಿ ರನ್‌ವೇ ತಲುಪುವುದಕ್ಕೇ ಕಾಲು ಗಂಟೆ ಹೋಗುವುದುಂಟು.

ಕೊಚ್ಚಿ ಮೂಲಕ: ಲೇಹ್–ದೆಹಲಿ 620 ಕಿ.ಮೀ., 1:16. ದೆಹಲಿ–ಕೊಚ್ಚಿ 2,049 ಕಿ.ಮೀ., 3:04. ಕೊಚ್ಚಿ–ಅಗತ್ತಿ 468 ಕಿ.ಮೀ., ಎಟಿಆರ್, 1:21. ಒಟ್ಟು 3,137 ಕಿ.ಮೀ., 5 ಗಂಟೆ 41 ನಿಮಿಷ.

ಬೆಂಗಳೂರು ಮೂಲಕ: ದೆಹಲಿ–ಬೆಂಗಳೂರು 1,710 ಕಿ.ಮೀ., 2:38. ಬೆಂಗಳೂರು–ಅಗತ್ತಿ 657 ಕಿ.ಮೀ., 1:44. (ಇಂಡಿಗೊ ಈ ದಾರಿಯಲ್ಲಿ ಎಟಿಆರ್ ಶುರುಮಾಡಿದ್ದು 2024ರ ಮಾರ್ಚ್ 31ರಂದು.) ಒಟ್ಟು 2,987 ಕಿ.ಮೀ., 5 ಗಂಟೆ 38 ನಿಮಿಷ.

ಗಮನಿಸಿ, ಬೆಂಗಳೂರು ದಾರಿ 150 ಕಿ.ಮೀ. ಚಿಕ್ಕದು, ಉಳಿಯುವುದು ಮಾತ್ರ ಮೂರೇ ನಿಮಿಷ. ನಿಧಾನದ ಎಟಿಆರ್ ಮೇಲಿನ ಪಾಲು ಹೆಚ್ಚಾಗಿದ್ದರಿಂದ ಗಳಿಸಿದ್ದನ್ನೆಲ್ಲ ಅದೇ ನುಂಗಿತು. ದೂರದ ಪಟ್ಟಿ ನೋಡಿ ಸಮಯ ಊಹಿಸುವವರು ಎಡವುವುದು ಇಲ್ಲೇ.

ಆದರೆ ಈ ಐದೂ ಮುಕ್ಕಾಲು ಗಂಟೆಯನ್ನೂ ನಂಬಬೇಡಿ. ಲೇಹ್‌ನಿಂದ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ನಂತರವೇ ಕೊಚ್ಚಿ ಅಥವಾ ಬೆಂಗಳೂರು ಮುಟ್ಟುವುದು. ಅಗತ್ತಿಯ ವಿಮಾನ ಸಾಮಾನ್ಯವಾಗಿ ಆ ಹೊತ್ತಿಗೆ ಹೋಗಿ ಬಂದಾಗಿರುತ್ತದೆ. ಒಂದು ರಾತ್ರಿ ತಂಗಲೇಬೇಕು. ಮನೆಬಾಗಿಲ ಲೆಕ್ಕದಲ್ಲಿ ಸುಮಾರು 24 ಗಂಟೆ ಎಂದು ಬರೆಯಿರಿ.

ಟಿಕೆಟ್ ಮಾಡುವಾಗ ಎಡವಟ್ಟಾಗುವುದು ಹೀಗೆ. ಲೇಹ್ ವಿಮಾನ ಗಾಳಿಗೋ ಹಿಮಕ್ಕೋ ರದ್ದಾದರೆ ಅದೇ ದಿನ ಇನ್ನೊಂದು ಸಿಗುವುದು ಕಷ್ಟ, ಮಧ್ಯಾಹ್ನದ ಮೇಲೆ ಹಾರಾಟ ತೀರಾ ಕಡಿಮೆ. ಡಿಸೆಂಬರ್-ಜನವರಿಯಲ್ಲಿ ದೆಹಲಿಯ ಮಂಜು ಬೇರೆ. ಮೂರೂ ಹಂತಕ್ಕೆ ಬೇರೆಬೇರೆ ಪಿಎನ್ಆರ್ ಇದ್ದರೆ ಮೊದಲನೆಯದು ತಪ್ಪಿದಾಗ ಉಳಿದ ಎರಡರ ದುಡ್ಡೂ ಹೋದಂತೆಯೇ. ಲೇಹ್–ದೆಹಲಿ ಮತ್ತು ಮುಂದಿನ ಹಂತ ಒಂದೇ ಪಿಎನ್ಆರ್‌ನಲ್ಲಿ ಇರಲಿ, ಅಗತ್ತಿ ವಿಮಾನಕ್ಕೆ ಮುಂಚೆ ಒಂದು ಪೂರ್ತಿ ದಿನ ಕೈಯಲ್ಲಿರಲಿ. ಲಕ್ಷದ್ವೀಪದ ಪ್ರವೇಶ ಪರವಾನಗಿ ಇಲ್ಲದೆ ಅಗತ್ತಿಗೆ ಹೋಗುವಂತಿಲ್ಲ, ಭಾರತೀಯರಿಗೂ ಬೇಕು. ಟಿಕೆಟ್‌ಗಿಂತ ಮೊದಲು ಅದನ್ನು ನೋಡಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್ನೂ ಒಂದು ಕಾರಣಕ್ಕೆ ತಡವಾಗುತ್ತದೆ. ಅಗತ್ತಿಯ ರನ್‌ವೇ 04/22, ಈಶಾನ್ಯ-ನೈರುತ್ಯ ದಿಕ್ಕು. ಮಳೆಗಾಲದ ಗಾಳಿ ನೇರ ಪಶ್ಚಿಮದಿಂದ 30 ನಾಟ್ (ಗಂಟೆಗೆ 30 ನಾಟಿಕಲ್ ಮೈಲಿ) ಬೀಸಿದರೆ ಅದರಲ್ಲಿ 23 ನಾಟ್ ಅಡ್ಡಗಾಳಿ ಆಗುತ್ತದೆ. ಒದ್ದೆ ರನ್‌ವೇ, ಅಡ್ಡಗಾಳಿ, ಮೋಡ ಮೂರೂ ಕೂಡಿದರೆ ವಾಪಸ್ ಬರುವುದೇ ದಾರಿ. ಪಕ್ಕದಲ್ಲಿ ಇನ್ನೊಂದು ದೊಡ್ಡ ನಿಲ್ದಾಣ ಇಲ್ಲ, ಹಾಗಾಗಿ ಮುಖ್ಯಭೂಮಿಗೆ ಮರಳುವಷ್ಟು ಇಂಧನ ಹೊತ್ತೇ ಹೋಗಬೇಕು. ಆ ಇಂಧನದ ತೂಕ ಸೀಟಿನ ಲೆಕ್ಕದಿಂದ, ಲಗೇಜಿನಿಂದ ಕಳೆಯುತ್ತದೆ.

---

ಅಕ್ಷಾಂಶ_ರೇಖಾಂಶ

ಬ್ಲಾಕ್‌ಟೈಮ್ ಅವರು ಗೋವಾ ಬಿಟ್ಟರು. 2024ರಲ್ಲಿ ಗೋವಾದ ಮೋಪಾ ನಿಲ್ದಾಣದಿಂದ ಅಗತ್ತಿಗೆ ಫ್ಲೈ91 ಕಂಪನಿ ಎಟಿಆರ್ ಶುರುಮಾಡಿತು. ಅಂತರ ನೋಡಿ: ಲೇಹ್–ದೆಹಲಿ 620, ದೆಹಲಿ–ಮೋಪಾ 1,466, ಮೋಪಾ–ಅಗತ್ತಿ 576. ಒಟ್ಟು 2,662. ನೇರ ಗೆರೆಗಿಂತ ಹದಿಮೂರೇ ಕಿ.ಮೀ. ಜಾಸ್ತಿ! ನಿಮ್ಮದೇ ಸೂತ್ರದಲ್ಲಿ ಸಮಯ 5 ಗಂಟೆ 10 ನಿಮಿಷ.

ಕಾರಣ ನಕ್ಷೆಯಲ್ಲಿದೆ. ಲೇಹ್‌ನಿಂದ ಗೆರೆ 193 ಡಿಗ್ರಿ ದಿಕ್ಕಿನಲ್ಲಿ ಹೊರಡುತ್ತದೆ, ದಕ್ಷಿಣದಿಂದ ಬರೀ 13 ಡಿಗ್ರಿ ಪಶ್ಚಿಮಕ್ಕೆ ವಾಲಿ. ದೆಹಲಿಯಿಂದ ಸುಮಾರು 100 ಕಿ.ಮೀ. ಪಶ್ಚಿಮಕ್ಕೆ ಹರಿಯಾಣ ದಾಟಿ, ಪುಣೆಯ ಪಕ್ಕದಲ್ಲೇ ಹಾದು, ರತ್ನಗಿರಿಯ ದಕ್ಷಿಣಕ್ಕೆ ಸಮುದ್ರ ಸೇರುತ್ತದೆ. ಗೋವಾ ಆ ಗೆರೆಗೆ ಹತ್ತಿರ. ಕೊಚ್ಚಿ, ಬೆಂಗಳೂರು ಎರಡೂ ಪೂರ್ವಕ್ಕೆ ದೂರ ಸರಿದಿವೆ. ಗೆರೆ ಕರ್ನಾಟಕದ ನೆಲವನ್ನು ಎಲ್ಲೂ ಮುಟ್ಟುವುದಿಲ್ಲ.

ಅಂದಹಾಗೆ ಅಗತ್ತಿಗೆ ಕೊಚ್ಚಿ ಹತ್ತಿರ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ವಿಮಾನ ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದರೆ ಮಂಗಳೂರು 379 ಕಿ.ಮೀ., ಕಣ್ಣೂರು 387, ಕೋಯಿಕ್ಕೋಡ್ 414, ಕೊಚ್ಚಿ 468.

---

ಬ್ಲಾಕ್‌ಟೈಮ್

ಗೋವಾ ಲೆಕ್ಕ ಸರಿ, ಒಪ್ಪಿದೆ. ಆದರೆ ಅದು ಯಾವ ವಾರ ಯಾವ ದಿನ ಹಾರುತ್ತದೆ ಎಂಬುದನ್ನು ನೋಡದೆ ಪಟ್ಟಿಗೆ ಹಾಕಬೇಡಿ. ಸಣ್ಣ ದಾರಿಗಳ ವೇಳಾಪಟ್ಟಿ ಚಳಿಗಾಲಕ್ಕೊಂದು, ಬೇಸಿಗೆಗೊಂದು.

---

ಗಾಳಿಪಟ_ಕ್ಲಬ್

ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಜೆಟ್ ಸ್ಟ್ರೀಮ್ (ತುಂಬಾ ಎತ್ತರದಲ್ಲಿ ಹರಿಯುವ ರಭಸದ ಗಾಳಿ) ನೂರು ನಾಟ್ ಮೀರಿ ಬೀಸುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವಲ್ಲ? ಅರ್ಧ ಗಂಟೆಯಾದರೂ ಹೆಚ್ಚುಕಮ್ಮಿ ಆಗಬೇಕು. ಇನ್ನೊಂದು, ಎರಡೂ ಕಡೆ ಇಳಿಯುವ ವಿಮಾನವೇ ಇಲ್ಲ ಅನ್ನುವುದು ಜಾಸ್ತಿಯಾಯಿತು. ವಾಯುಪಡೆಯ ಸರಕು ವಿಮಾನ ಸಿ-130ಜೆ ಇದೆ.

---

ರೆಕ್ಕೆಲೆಕ್ಕ

ಸಿ-130ಜೆ ಮಾತು ಒಪ್ಪಿದೆ, ನಾನು ಹೇಳಿದ್ದು ಟಿಕೆಟ್ ಸಿಗುವ ವಿಮಾನಗಳ ಬಗ್ಗೆ. 2013ರ ಆಗಸ್ಟ್ 20ರಂದು ಅದು ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, 16,614 ಅಡಿ ಎತ್ತರದಲ್ಲಿ ಇಳಿದದ್ದು, ಲೇಹ್ ಅದಕ್ಕೆ ದೊಡ್ಡ ಮಾತಲ್ಲ. ಚಿಕ್ಕ ರನ್‌ವೇಯೂ ಅದಕ್ಕೆ ಹೊಸದಲ್ಲ. ಗಂಟೆಗೆ ಸುಮಾರು 640 ಕಿ.ಮೀ. ಹಿಡಿದರೆ 2,649ಕ್ಕೆ ನಾಲ್ಕು ಗಂಟೆ ಎಂಟು ನಿಮಿಷ, ಹತ್ತುವುದು ಇಳಿಯುವುದು ಬೇರೆ.

ಜೆಟ್ ಸ್ಟ್ರೀಮ್ ಬಗ್ಗೆ: ಅದು ಬೀಸುವುದು ಪಶ್ಚಿಮದಿಂದ ಪೂರ್ವಕ್ಕೆ. ದೆಹಲಿಯಿಂದ ದಕ್ಷಿಣಕ್ಕೆ ಹೊರಟ ವಿಮಾನಕ್ಕೆ ಅದು ಅಡ್ಡಗಾಳಿ, ಎದುರುಗಾಳಿ ಅಲ್ಲ. 450 ನಾಟ್ ವೇಗದ ವಿಮಾನಕ್ಕೆ ನೇರ ಪಕ್ಕದಿಂದ 100 ನಾಟ್ ಬಂದರೆ ಮೂತಿಯನ್ನು ಸುಮಾರು 13 ಡಿಗ್ರಿ ಗಾಳಿಯ ಕಡೆಗೆ ತಿರುಗಿಸಿಟ್ಟು ಹಾರಬೇಕು. ನೆಲದ ಮೇಲಿನ ವೇಗ 439 ನಾಟ್‌ಗೆ ಇಳಿಯುತ್ತದೆ. ನಷ್ಟ ಎರಡೂವರೆ ಪರ್ಸೆಂಟ್, ಅದೂ ಉತ್ತರದ ಸ್ವಲ್ಪ ಭಾಗದಲ್ಲಿ. ಎರಡು ಮೂರು ನಿಮಿಷ. ಅರ್ಧ ಗಂಟೆ ವ್ಯತ್ಯಾಸ ಬರುವುದು ಪೂರ್ವ-ಪಶ್ಚಿಮದ ದೂರದ ಹಾರಾಟಗಳಲ್ಲಿ.

---

ನಕ್ಷೆಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. ಸಾಲು ಹೀಗೆ ಹಾಕಿದ್ದೇನೆ: "ಲೇಹ್–ಅಗತ್ತಿ. ನೇರ ಅಂತರ 2,649 ಕಿ.ಮೀ. (1,430 ನಾಟಿಕಲ್ ಮೈಲಿ). ನೇರ ವಿಮಾನ ಇಲ್ಲ. ದೆಹಲಿ ಮತ್ತು ಕೊಚ್ಚಿ ಅಥವಾ ಬೆಂಗಳೂರು ಮೂಲಕ ಹಾರಾಟ ಸುಮಾರು 5¾ ಗಂಟೆ, ಒಂದು ರಾತ್ರಿ ತಂಗುವಿಕೆ ಸೇರಿ 24 ಗಂಟೆ." ವಾಪಸ್ ದಿಕ್ಕಿಗೂ ಇದೇ ಸಾಕಲ್ಲವೇ?

---

ಬ್ಲಾಕ್‌ಟೈಮ್

ಅಂಕಿ ಅದೇ, ಆದರೆ ವಾಪಸ್ ದಿಕ್ಕಿಗೆ ಒಂದು ಟಿಪ್ಪಣಿ ಬೇಕು. ಅಗತ್ತಿಯಿಂದ ಹೊರಟವನು ಮರುದಿನ ನಾಲ್ಕು ಮೀಟರಿನಿಂದ 3,256 ಮೀಟರಿಗೆ ಏರಿರುತ್ತಾನೆ. ಮೊದಲ ಒಂದೆರಡು ದಿನ ಲೇಹ್‌ನಲ್ಲೇ ಸುಮ್ಮನೆ ಮಲಗಿ ಎದ್ದು ಇರಬೇಕು. ಇನ್ನೂ ಎತ್ತರದ ಖರ್ದುಂಗ್ ಲಾ ಕಣಿವೆದಾರಿಯ ಕಡೆಗೆ ಹೊರಡಬಾರದು.

ಇನ್ನೊಂದು ವಿಚಿತ್ರ: ಬೇರೆ ಊರಿಗೆ ಇಳಿಯುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಏರುತ್ತದೆ. ಲೇಹ್‌ನಂಥ ಎತ್ತರದ ಊರಿಗೆ ಇಳಿಯುವಾಗ ಮಾತ್ರ ಅದು ಕಡಿಮೆಯಾಗುತ್ತದೆ. ಹಾರುವಾಗ ಒಳಗೆ ಏಳೆಂಟು ಸಾವಿರ ಅಡಿ ಎತ್ತರದ ಒತ್ತಡ ಇದ್ದದ್ದು, ಬಾಗಿಲು ತೆರೆಯುವ ಹೊತ್ತಿಗೆ 10,682 ಅಡಿಯ ಒತ್ತಡಕ್ಕೆ ಬಂದಿರಬೇಕಲ್ಲ. ಕುರುಕಲು ತಿಂಡಿಯ ಪೊಟ್ಟಣ ಇಳಿಯುತ್ತಾ ಇಳಿಯುತ್ತಾ ಇನ್ನಷ್ಟು ಉಬ್ಬುತ್ತದೆ.

---

ಅಕ್ಷಾಂಶ_ರೇಖಾಂಶ

ಲೇಹ್‌ನಿಂದ ಅಗತ್ತಿಗೆ ಬರುವಾಗ ಇದರ ಉಲ್ಟಾ. ಲೇಹ್‌ನಲ್ಲಿ ಖಾಲಿ ನೀರಿನ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿ ಅಗತ್ತಿಯಲ್ಲಿ ತೆಗೆದು ನೋಡಿ. ಲೇಹ್‌ನಲ್ಲಿ ಗಾಳಿಯ ಒತ್ತಡ ಸುಮಾರು 680 ಹೆಕ್ಟೊಪಾಸ್ಕಲ್, ಅಗತ್ತಿಯಲ್ಲಿ 1,013. ಒಂದು ಲೀಟರಿನ ಬಾಟಲಿ ಮುಕ್ಕಾಲು ಲೀಟರಿಗಿಂತ ಚಿಕ್ಕದಾಗಿ ಸೊಟ್ಟಗೆ ಹಿಂಡಿಕೊಂಡಿರುತ್ತದೆ.